ಮೂವರ ಜಾಮೀನಿಗೂ ಒಂದೇ ಉತ್ತರ ಕೊಡಲಿಲ್ಲ

ಜಾಮೀನು ಅರ್ಜಿ ಅಂದರೆ ಅದು ಆರೋಪಿಗೂ ಸರ್ಕಾರಕ್ಕೂ ಸಂಬಂಧಪಟ್ಟ ವಿಷಯ, ದೂರು ಕೊಟ್ಟವರಿಗೆ ಅಲ್ಲಿ ಏನೂ ಕೆಲಸ ಇಲ್ಲ ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ. ಠಾಣೆಯಲ್ಲೂ ನನಗೆ ಅದನ್ನೇ ಹೇಳಿದ್ದರು. ‘ದೂರು ಕೊಟ್ಟೀರಲ್ರೀ, ಮುಂದಿಂದು ಕೋರ್ಟು ನೋಡ್ಕೊಳ್ತದ’ ಅಂತ. ಅದು ನಿಜ ಅಲ್ಲ. ಲಖಿಂಪುರ ಖೇರಿ ಪ್ರಕರಣದಲ್ಲಿ ಕೇಂದ್ರ ಸಚಿವರೊಬ್ಬರ ಮಗನಿಗೆ ಸಿಕ್ಕ ಜಾಮೀನನ್ನು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತಲ್ಲ, ಆ ತೀರ್ಪಿನಲ್ಲೇ ಇದು ಸ್ಪಷ್ಟವಾಗಿದೆ. ತನಿಖೆಯಿಂದ ಹಿಡಿದು ಮೇಲ್ಮನವಿವರೆಗೆ ಪ್ರತಿ ಹಂತದಲ್ಲೂ, ಜಾಮೀನು ವಿಚಾರಣೆಯಲ್ಲೂ, ನೊಂದವರು ತಮ್ಮ ಮಾತು ಹೇಳಬಹುದು. ನನ್ನ ತಮ್ಮನನ್ನು ವಿದೇಶದಲ್ಲಿ ಕೆಲಸ ಅಂತ ಕಳಿಸಿ ಮೋಸ ಮಾಡಿದ ಕೇಸಿನಲ್ಲಿ ಈ ಹಕ್ಕನ್ನು ನಾನು ಬಳಸಿಕೊಂಡೆ. ಮೂವರು ಆರೋಪಿಗಳು, ಮೂವರ ಅರ್ಜಿಗೂ ನಾವು ಕೋರ್ಟಿಗೆ ಹೋದೆವು. ಮೂವರ ವಿಷಯದಲ್ಲೂ ನಾವು ಹೇಳಿದ್ದು ಬೇರೆ ಬೇರೆ. ಅದು ಯಾಕೆ ಅಂತ ಬರೆಯುತ್ತಿದ್ದೇನೆ. ನಮ್ಮಂಥ ಮನೆಗಳು ಈಗ ಬಹಳ ಇವೆ.

ನಮ್ಮದು ಹಾವೇರಿ ಜಿಲ್ಲೆ. ತಮ್ಮ ಬಿಕಾಂ ಮುಗಿಸಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. 2024ರ ಕೊನೆಯಲ್ಲಿ ಬ್ಯಾಂಕಾಕ್‌ನಲ್ಲಿ ಡೇಟಾ ಎಂಟ್ರಿ ಕೆಲಸ ಅಂತ ಒಬ್ಬ ಏಜೆಂಟ್ ಕಳಿಸಿದ. ಅವ್ವನ ಬಂಗಾರ ಅಡ ಇಟ್ಟು 1.8 ಲಕ್ಷ ಕೊಟ್ಟಿದ್ದೆವು. ಸರ್ಕಾರದಲ್ಲಿ ನೋಂದಾಯಿಸಿದ ಏಜೆಂಟ್ ಆದರೂ ಸೇವಾ ಶುಲ್ಕ ಅಂತ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಇವನಿಗೆ ನೋಂದಣಿಯೇ ಇರಲಿಲ್ಲ. ಭಾರತೀಯರಿಗೆ ಥಾಯ್ಲೆಂಡ್‌ಗೆ ಹೋಗಲು ವೀಸಾ ಬೇಕಿರಲಿಲ್ಲ. ಹಾಗಾಗಿ ಎಂಬೆಸಿಯಲ್ಲಿ ಯಾರೂ ‘ಯಾವ ಕಂಪನಿ, ಎಂಥ ಕೆಲಸ’ ಅಂತ ಕೇಳಲಿಲ್ಲ.

ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಕೂರಿಸಿಕೊಂಡು ಗಂಟೆಗಟ್ಟಲೆ ಓಡಿಸಿದರು. ಮಾಯ್ ಸಾಟ್ ಅನ್ನೋ ಗಡಿ ಊರು. ಅಲ್ಲಿಂದ ರಾತ್ರಿ ಮೊಯಿ ಹೊಳೆ ದಾಟಿಸಿದರು. ಆಚೆ ದಡ ಮ್ಯಾನ್ಮಾರ್‌ನ ಮ್ಯಾವಡಿ. ಎತ್ತರದ ಗೋಡೆ, ಗೇಟಿನಲ್ಲಿ ಬಂದೂಕು. ಪಾಸ್‌ಪೋರ್ಟ್ ಕಿತ್ತುಕೊಂಡರು. ಹೆಣ್ಣಿನ ಫೋಟೊ ಹಾಕಿದ ಖಾತೆಗಳಿಂದ ಬೇರೆ ದೇಶದವರ ಜೊತೆ ಸಲುಗೆಯ ಮಾತಾಡಬೇಕು, ನಿಧಾನಕ್ಕೆ ಅವರನ್ನು ಕ್ರಿಪ್ಟೊ ಹೂಡಿಕೆ ಅನ್ನುವ ಮೋಸಕ್ಕೆ ಎಳೆಯಬೇಕು. ದಿನಕ್ಕೆ ಹದಿನಾರು ಗಂಟೆ. ಗುರಿ ಮುಟ್ಟದಿದ್ದರೆ ಹೊಡೆತ. ಬಿಡಬೇಕಾದರೆ 5 ಸಾವಿರ ಡಾಲರ್ ಕಟ್ಟಬೇಕು ಅಂದರು. 2025ರ ಫೆಬ್ರವರಿ 5ರಂದು ಥಾಯ್ಲೆಂಡ್ ಗಡಿಯಾಚೆಗೆ ಕರೆಂಟ್ ಕಡಿತ ಮಾಡಿದ ಮೇಲೆ ಆ ಜಾಗಗಳು ಒಂದೊಂದಾಗಿ ಸಡಿಲವಾದವು. ಮಾರ್ಚ್ 10 ಮತ್ತು 11ರಂದು ವಾಯುಪಡೆ ವಿಮಾನಗಳು ಮಾಯ್ ಸಾಟ್‌ನಿಂದ 549 ಭಾರತೀಯರನ್ನು ಕರೆತಂದವು. ತಮ್ಮ ಅದರಲ್ಲಿದ್ದ. ಅವನ ಬಗ್ಗೆ ಇಷ್ಟು ಸಾಕು. ಉಳಿದದ್ದು ಅವನಿಗೆ ಹೇಳಬೇಕು ಅನ್ನಿಸಿದಾಗ ಅವನೇ ಹೇಳುತ್ತಾನೆ.

ಅವನು ಅಲ್ಲಿದ್ದಾಗಲೇ ನಾನು ದೂರು ಕೊಟ್ಟಿದ್ದೆ. ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ ಕಲಂ 318(4) ಒಂದೇ ಇತ್ತು. ಅಂದರೆ ಮೋಸ, ಗರಿಷ್ಠ ಏಳು ವರ್ಷ. ಏಳು ವರ್ಷದವರೆಗಿನ ಕೇಸುಗಳಲ್ಲಿ ಸಾಮಾನ್ಯವಾಗಿ ಮೊದಲು ನೋಟಿಸ್ ಕೊಟ್ಟು ಕರೆಸುತ್ತಾರೆ, ಬಂಧನ ಆಮೇಲಿನ ಮಾತು. ಏಜೆಂಟ್ ಬಂದ, ಹೇಳಿಕೆ ಕೊಟ್ಟ, ಮನೆಗೆ ಹೋದ. ದುಡ್ಡು ತೆಗೆದುಕೊಂಡು ಕೆಲಸ ಕೊಡಿಸಲಿಲ್ಲ ಅನ್ನುವಷ್ಟೇ ಕಾಗದದ ಮೇಲಿತ್ತು.

ಜಾಮೀನಿನ ಕಥೆ ಶುರುವಾಗುವುದು ಇಲ್ಲಿಂದಲೇ. ಕೋರ್ಟಿನಲ್ಲಿ ಅಲ್ಲ, ಎಫ್‌ಐಆರ್‌ನಲ್ಲಿ. ಯಾವ ಕಲಂ ಹಾಕಿದ್ದಾರೆ ಅನ್ನುವುದರ ಮೇಲೆ ಯಾವ ಕೋರ್ಟು ಜಾಮೀನು ಕೇಳುತ್ತದೆ, ಪೊಲೀಸರಿಗೆ ಎಷ್ಟು ದಿನ ಸಿಗುತ್ತದೆ, ಎಲ್ಲವೂ ನಿಂತಿದೆ. ತಮ್ಮ ಬಂದ ಮೇಲೆ ಹೊಸದಾಗಿ ಹೇಳಿಕೆ ಕೊಟ್ಟ. ನಮ್ಮ ಕಡೆಯ ಇನ್ನೂ ಮೂವರು ಹುಡುಗರನ್ನು ಅದೇ ಏಜೆಂಟ್ ಕಳಿಸಿದ್ದ ಅಂತ ಗೊತ್ತಾಯಿತು. ಆಗ ಕಲಂ 143 ಸೇರಿತು, ಮನುಷ್ಯರ ಕಳ್ಳಸಾಗಣೆ. ಒಬ್ಬರಿಗಿಂತ ಜಾಸ್ತಿ ಜನರನ್ನು ಸಾಗಿಸಿದ್ದರೆ ಕನಿಷ್ಠ ಹತ್ತು ವರ್ಷ, ಜೀವಾವಧಿಯೂ ಆಗಬಹುದು. ಜೊತೆಗೆ ಒಳಸಂಚು, ಅಕ್ರಮ ಬಂಧನ, ನೋಂದಣಿ ಇಲ್ಲದೆ ವಿದೇಶಕ್ಕೆ ಜನ ಕಳಿಸಿದ್ದಕ್ಕೆ 1983ರ ವಲಸೆ ಕಾಯ್ದೆ. ಈ ಕಲಂಗಳು ಬಂದ ಮೇಲೆ ಏಜೆಂಟ್‌ನ ಬಂಧನವಾಯಿತು. ನಿಮ್ಮ ಮನೆಯ ದೂರಿನಲ್ಲಿ ಬರೀ ಮೋಸ ಅಂತಿದ್ದರೆ, ಹುಡುಗನನ್ನು ಕೂಡಿಹಾಕಿದ್ದು, ಪಾಸ್‌ಪೋರ್ಟ್ ಕಿತ್ತಿದ್ದು, ಬಿಡಲು ದುಡ್ಡು ಕೇಳಿದ್ದು ಎಲ್ಲವನ್ನೂ ಬರವಣಿಗೆಯಲ್ಲಿ ಕೊಟ್ಟು ಕಲಂ ಸೇರಿಸಿ ಅಂತ ಕೇಳಿ. ಠಾಣೆಯಲ್ಲಿ ಆಗದಿದ್ದರೆ ಎಸ್‌ಪಿ ಕಚೇರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ವಕೀಲರಿಗೆ ಕೊಡಲು ನಮ್ಮ ಹತ್ತಿರ ದುಡ್ಡು ಇರಲಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ ಅಂತ ಗೊತ್ತಿತ್ತು. ಕಳ್ಳಸಾಗಣೆಗೆ ಒಳಗಾದವರಿಗೂ ಹಾಗೇ ಸಿಗುತ್ತಾರೆ, ಅದು 1987ರ ಕಾಯ್ದೆಯಲ್ಲೇ ಇದೆ. 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ. ನಮಗೆ ಸಿಕ್ಕವರು ವಯಸ್ಸಿನಲ್ಲಿ ಚಿಕ್ಕವರು. ಮೊದಲ ದಿನವೇ ಹೇಳಿದರು: ‘ಅಕ್ಕಾರ, ಸಿಟ್ಟು ಮನೀಯಾಗ ಇಟ್ಟು ಬರ್ರಿ. ಜಡ್ಜು ಕೇಳೋದು ನಾಲ್ಕು ಪ್ರಶ್ನೆ ಅಷ್ಟೇ. ಓಡಿಹೋಗ್ತಾನೇನು? ಸಾಕ್ಷಿ ಕೆಡಿಸ್ತಾನೇನು? ಮತ್ತ ಇದ ಮಾಡ್ತಾನೇನು? ಮೇಲ್ನೋಟಕ್ಕ ಅವನ ಪಾತ್ರ ಏನೈತಿ? ಈ ನಾಲ್ಕಕ್ಕ ಕಾಗದ ಹುಡುಕೋಣು.’

ಕಾಗದ ಹುಡುಕಿದೆವು. ತಮ್ಮನ ಫೋನಿನಲ್ಲಿ ಏನೂ ಉಳಿದಿರಲಿಲ್ಲ, ಅಲ್ಲಿ ಎಲ್ಲರ ಫೋನನ್ನೂ ಅಳಿಸಿಯೇ ವಾಪಸ್ ಕೊಟ್ಟಿದ್ದರು. ಇದ್ದದ್ದು ನನ್ನ ಫೋನಿನಲ್ಲಿ. ಏಜೆಂಟ್ ನನಗೆ ಕಳಿಸಿದ ವಾಟ್ಸ್ಆ್ಯಪ್ ಮಾತುಗಳು, ಟಿಕೆಟ್, ನಕಲಿ ಆಫರ್ ಲೆಟರ್. ಅದರ ಸ್ಕ್ರೀನ್‌ಶಾಟ್ ಮುದ್ರಿಸಿ ಕೊಟ್ಟರೆ ಸಾಕು ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಹೊಸ ಸಾಕ್ಷ್ಯ ಕಾಯ್ದೆಯ ಕಲಂ 63ರ ಪ್ರಕಾರ ಅದಕ್ಕೊಂದು ಪ್ರಮಾಣಪತ್ರ ಬೇಕು. ಎ ಭಾಗವನ್ನು ಫೋನ್ ಯಾರದ್ದೋ ಅವರು ತುಂಬಬೇಕು, ಬಿ ಭಾಗವನ್ನು ತಜ್ಞರು. ಜಾಮೀನಿನ ಹಂತದಲ್ಲಿ ಅಷ್ಟು ಬಿಗಿಯಾಗಿ ಕೇಳುವುದಿಲ್ಲ, ಆದರೆ ವಿಚಾರಣೆಗೆ ಬೇಕೇ ಬೇಕು. ಫೋನನ್ನು ತನಿಖಾಧಿಕಾರಿಗೆ ಒಪ್ಪಿಸಿ, ಪಂಚನಾಮೆಯ ಪ್ರತಿ ಇಸಿದುಕೊಂಡೆ. ಫೋನ್‌ಪೇ ಚಿತ್ರದ ಬದಲು ಬ್ಯಾಂಕಿನ ಸೀಲು ಬಿದ್ದ ಸ್ಟೇಟ್‌ಮೆಂಟ್ ತಂದೆ. ಅದರಲ್ಲೇ ಎರಡನೇ ಆರೋಪಿ ಸಿಕ್ಕಿದ್ದು. ದುಡ್ಡು ಹೋಗಿದ್ದು ಏಜೆಂಟ್‌ನ ಖಾತೆಗೆ ಅಲ್ಲ, ಅವನ ಭಾವಮೈದುನನ ಖಾತೆಗೆ.

ಆ ಭಾವಮೈದುನ ನಿರೀಕ್ಷಣಾ ಜಾಮೀನಿಗೆ, ಅಂದರೆ ಬಂಧನಕ್ಕೆ ಮುಂಚೆಯೇ ಕೇಳುವ ಜಾಮೀನಿಗೆ ಅರ್ಜಿ ಹಾಕಿದ. ಅವನ ವಾದ ಇಷ್ಟೇ: ಭಾವ ಖಾತೆ ಕೇಳಿದರು, ಕೊಟ್ಟೆ. ಬಂದ ದುಡ್ಡು ಬಂದ ದಿನವೇ ತೆಗೆದು ಅವರ ಕೈಗೆ ಕೊಟ್ಟಿದ್ದೇನೆ. ಸ್ಟೇಟ್‌ಮೆಂಟ್ ಕೂಡ ಹಾಗೇ ತೋರಿಸುತ್ತಿತ್ತು. ನಾವು ಜಾಮೀನು ಕೊಡಬೇಡಿ ಅನ್ನಲಿಲ್ಲ. ಖಾತೆಯ ಮೇಲಿನ ತಡೆ ತೆಗೆಯಬಾರದು, ಪಾಸ್‌ಬುಕ್ಕು, ಸಿಮ್ಮು, ಫೋನು ತನಿಖಾಧಿಕಾರಿಗೆ ಕೊಡಬೇಕು ಅಂತ ಷರತ್ತು ಕೇಳಿದೆವು. ಸಿಕ್ಕಿತು. ಅವನ ಜಾಮೀನಿನ ಕಥೆ ಅಲ್ಲಿಗೆ ಮುಗಿಯಿತು.

ಏಜೆಂಟ್‌ನದು ಹಾಗಲ್ಲ. ಅವನ ಅರ್ಜಿ ಸೆಷನ್ಸ್ ಕೋರ್ಟಿಗೆ ಬರುವ ಮೊದಲೇ ಅವನ ಕಡೆಯವರು ನಮ್ಮ ಮನೆಗೆ ಬಂದರು. ಹಿರಿಯರೊಬ್ಬರು, ಜೊತೆಗೆ ಅವನ ಹೆಂಡತಿ. ಚಹಾ ಕುಡಿದು ಒಂದು ಲಕೋಟೆ ಮೇಜಿನ ಮೇಲಿಟ್ಟರು. ‘ಯವ್ವಾ, ನಿಮ್ಮ ರೊಕ್ಕ ನಿಮಗ ಮುಟ್ಟಿತು ಅಂತ ತಿಳ್ಕೋರಿ. ಜಾಮೀನಿಗೆ ನಮ್ಮ ತಕರಾರಿಲ್ಲ ಅಂತ ಒಂದು ಅಫಿಡವಿಟ್ಟಿಗೆ ಸಹಿ ಹಾಕಿಬಿಡ್ರಿ.’ ಅಫಿಡವಿಟ್ಟೂ ಟೈಪಾಗಿ ಬಂದಿತ್ತು. ತಮ್ಮ ಸ್ವಂತ ಇಚ್ಛೆಯಿಂದ ಹೋದ, ತಪ್ಪು ತಿಳುವಳಿಕೆಯಿಂದ ದೂರು ಕೊಟ್ಟೆವು ಅಂತ ಅದರಲ್ಲಿ ಬರೆದಿತ್ತು. ಅವ್ವ ಲಕೋಟೆ ನೋಡಿದಳು. ಅವಳ ಬಂಗಾರ ಇನ್ನೂ ಬ್ಯಾಂಕಿನಲ್ಲಿತ್ತು. ಆಮೇಲೆ ಅವಳೇ ಅದನ್ನು ಆ ಹೆಂಗಸಿನ ಕೈಗೆ ವಾಪಸ್ ಇಟ್ಟಳು. ಬೇರೆ ಹುಡುಗರ ಮನೆಗಳಲ್ಲಿ ಒಂದು ಮನೆಯವರು ಸಹಿ ಹಾಕಿದರು. ಅವರನ್ನು ನಾನು ದೂರುವುದಿಲ್ಲ, ಅವರಿಗೆ ಬಡ್ಡಿ ಸಾಲ ಇತ್ತು. ಆದರೆ ಇಂಥ ಕಾಗದ ಬಂದರೆ ಒಂದು ನೆನಪಿಡಿ. ಜಾಮೀನಿಗೆ ಅಂತ ಹಾಕಿದ ಆ ಸಹಿಯನ್ನೇ ನಾಳೆ ಸಾಕ್ಷಿ ಕಟ್ಟೆಯಲ್ಲಿ ನಿಮ್ಮ ಮುಂದೆ ಹಿಡಿಯುತ್ತಾರೆ.

ದುಡ್ಡು ವಾಪಸ್ ಕಟ್ಟಿದರೆ ಮಾತ್ರ ಜಾಮೀನು ಅಂತ ಕೋರ್ಟಿನಿಂದಲೇ ಷರತ್ತು ಹಾಕಿಸಬಹುದಲ್ವಾ ಅಂತ ನಾನು ವಕೀಲರನ್ನು ಕೇಳಿದ್ದೆ. ಆಗುವುದಿಲ್ಲ ಅಂದರು. 2023ರ ಜುಲೈನಲ್ಲಿ ದೆಹಲಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆಯಂತೆ, ಜಾಮೀನು ಅರ್ಜಿ ದುಡ್ಡು ವಸೂಲಿ ಮಾಡುವ ಜಾಗ ಅಲ್ಲ ಅಂತ. ಕೇಳಿದಾಗ ಬೇಜಾರಾಯಿತು. ಯೋಚಿಸಿದರೆ ಸರಿ ಅನ್ನಿಸುತ್ತದೆ. ದುಡ್ಡಿದ್ದ ಏಜೆಂಟ್ ಕಟ್ಟಿ ಹೊರಗೆ ಬರುತ್ತಾನೆ, ದುಡ್ಡಿಲ್ಲದವನು ಒಳಗೇ ಉಳಿಯುತ್ತಾನೆ. ಹಾಗಾಗಬಾರದು ಅನ್ನುವುದಕ್ಕೆ ಕಾರಣ ನಮ್ಮ ಕೇಸಿನ ಮೂರನೇ ಆರೋಪಿ. ಅವನ ಮಾತಿಗೆ ಮುಂದೆ ಬರುತ್ತೇನೆ.

ವಿಚಾರಣೆಗೆ ಮುಂಚೆ ಸರ್ಕಾರಿ ವಕೀಲರನ್ನು, ಅಂದರೆ ಪಿಪಿ ಅವರನ್ನು ಭೇಟಿಯಾದೆವು. ಅವರ ಮೇಜಿನ ಮೇಲೆ ಕಡತಗಳ ರಾಶಿ. ಒಂದೇ ದಿನ ಹತ್ತಾರು ಅರ್ಜಿಗೆ ತಕರಾರು ಹಾಕಬೇಕು. ಅದರಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ: ಆರೋಪಿ ಪ್ರಭಾವಿ, ಸಾಕ್ಷಿ ನಾಶ ಮಾಡುವ ಸಂಭವ ಇದೆ, ತನಿಖೆ ಬಾಕಿ ಇದೆ. ಅದು ಅವರ ತಪ್ಪಲ್ಲ, ಅವರ ಕೈಗೆ ಬರುವುದೇ ಅಷ್ಟು. ನಾವು ಒಂದೇ ಹಾಳೆ ಮಾಡಿಕೊಂಡು ಹೋಗಿದ್ದೆವು. ಎಡಕ್ಕೆ ತಾರೀಕು, ನಡುವೆ ಏನಾಯಿತು, ಬಲಕ್ಕೆ ಅದಕ್ಕೆ ದಾಖಲೆ ಯಾವ ಪುಟದಲ್ಲಿದೆ. ಕೆಳಗೆ, ವಿದೇಶಕ್ಕೆ ಕೆಲಸಕ್ಕೆ ಕಳಿಸುವ ನೋಂದಾಯಿತ ಏಜೆಂಟರ ಪಟ್ಟಿ ಇರುವ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಈ ಏಜೆಂಟ್‌ನ ಹೆಸರು ಹುಡುಕಿದರೆ ಏನೂ ಬರುವುದಿಲ್ಲ ಅನ್ನುವ ಮುದ್ರಿತ ಪ್ರತಿ. ಪಿಪಿ ಓದಿ, ‘ಇದನ್ನ ಮೊದಲೇ ಕೊಡಬೇಕಿತ್ತು ನೋಡ್ರಿ’ ಅಂದು ತಮ್ಮ ತಕರಾರಿಗೆ ಅದನ್ನೇ ಸೇರಿಸಿಕೊಂಡರು. ನಮ್ಮ ವಕೀಲರು ಅವರಿಗೆ ಸಹಾಯ ಮಾಡಲು ಅನುಮತಿ ಕೇಳಿ ಅರ್ಜಿ ಹಾಕಿದರು. ನೊಂದವರ ವಕೀಲರು ನೇರವಾಗಿ ಕೇಸು ನಡೆಸುವುದಿಲ್ಲ, ಸರ್ಕಾರಿ ವಕೀಲರ ಪಕ್ಕದಲ್ಲಿ ನಿಲ್ಲುತ್ತಾರೆ.

ಆರೋಪಿ ಪರ ವಕೀಲರ ವಾದ ಬಲವಾಗಿಯೇ ಇತ್ತು. ಹುಡುಗರು ವಯಸ್ಕರು, ಓದಿದವರು, ಒಪ್ಪಿ ಹೋಗಿದ್ದಾರೆ. ನಮ್ಮ ಕಕ್ಷಿದಾರರು ಟಿಕೆಟ್ ಮಾಡಿಸಿಕೊಟ್ಟಿದ್ದಾರೆ ಅಷ್ಟೇ. ಹೊಳೆ ದಾಟಿದ ಮೇಲೆ ಏನಾಯಿತೋ ಅದಕ್ಕೆ ಇಲ್ಲಿ ಕೂತವರು ಹೇಗೆ ಹೊಣೆ? ಅಲ್ಲಿ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ ಶೋಷಣೆ ಹೇಗಾಗುತ್ತದೆ?

ನಮ್ಮ ವಕೀಲರು ಕಲಂ 143ರ ವಿವರಣೆ ಓದಿದರು. ಕಳ್ಳಸಾಗಣೆ ಆಗಿದೆಯೋ ಇಲ್ಲವೋ ಅಂತ ತೀರ್ಮಾನಿಸುವಾಗ ನೊಂದವರ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ ಅಂತ ಅಲ್ಲೇ ಬರೆದಿದೆ. ಗುಲಾಮಗಿರಿ, ಅದರಂಥ ಪದ್ಧತಿಗಳು, ಜೀತ ಇವು ಶೋಷಣೆಯಲ್ಲಿ ಸೇರುತ್ತವೆ. ಬಾಗಿಲು ಹಾಕಿದ, ಪಾಸ್‌ಪೋರ್ಟ್ ಕಿತ್ತುಕೊಂಡ, ಬಿಡಲು ಬೆಲೆ ಕಟ್ಟಿದ ಜಾಗದಲ್ಲಿ ಎದುರಿಗೆ ಇರುವುದು ಗುದ್ದಲಿಯೋ ಕೀಬೋರ್ಡೋ ಅನ್ನುವುದರಿಂದ ಏನೂ ಬದಲಾಗುವುದಿಲ್ಲ ಅಂದರು. 2023ರ ಆಗಸ್ಟ್‌ನ ವಿಶ್ವಸಂಸ್ಥೆ ಮಾನವ ಹಕ್ಕುಗಳ ಕಚೇರಿಯ ವರದಿ ಕೊಟ್ಟರು. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1 ಲಕ್ಷ 20 ಸಾವಿರ, ಕಾಂಬೋಡಿಯಾದಲ್ಲಿ ಸುಮಾರು 1 ಲಕ್ಷ ಜನ ಹೀಗೆ ಬಲವಂತಕ್ಕೆ ಸಿಕ್ಕಿರಬಹುದು ಅನ್ನುವ ಅಂದಾಜು ಅದರಲ್ಲಿದೆ. ಥಾಯ್ಲೆಂಡ್ ಕೆಲಸ ಅಂತ ಕರೆದು ಮ್ಯಾನ್ಮಾರ್‌ಗೆ ಸಾಗಿಸುತ್ತಾರೆ, ಹುಷಾರು ಅಂತ ನಮ್ಮ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಹೇಳಿತ್ತು. ಇದೇ ದಂಧೆಯಲ್ಲಿದ್ದವನಿಗೆ 2024ರಲ್ಲೂ ಗೊತ್ತಿರಲಿಲ್ಲ ಅನ್ನೋದನ್ನು ಹೇಗೆ ನಂಬೋದು?

ಇಷ್ಟೆಲ್ಲ ಇದ್ದರೂ ಆ ದಿನ ತೂಕ ಬಂದಿದ್ದು ಒಂದು ಧ್ವನಿ ಸಂದೇಶಕ್ಕೆ. ಎಫ್‌ಐಆರ್ ಆದ ಮೇಲೆ ಏಜೆಂಟ್ ಇನ್ನೊಬ್ಬ ಹುಡುಗನ ಅಣ್ಣನಿಗೆ ಕಳಿಸಿದ್ದು: ‘ಮೊಬೈಲ್ ಫಾರ್ಮ್ಯಾಟ್ ಹೊಡಿ, ಪೊಲೀಸ್ರು ಕೇಳಿದ್ರ ಕಳದೈತಿ ಅನ್ನು. ನಾ ನೋಡ್ಕೊಳ್ತೀನಿ.’ ಹತ್ತು ಸೆಕೆಂಡೂ ಇಲ್ಲ. ಪಿಪಿ ಅದರ ಬರಹ ರೂಪ ಓದಿದರು. ನ್ಯಾಯಾಧೀಶರು ತಾರೀಕು ಎರಡು ಸಲ ಕೇಳಿದರು. ಎಫ್‌ಐಆರ್‌ಗಿಂತ ಮುಂಚೆಯೋ ಆಮೇಲೋ? ಆಮೇಲೆ, ಸ್ವಾಮಿ. ಅವನ ಅರ್ಜಿ ತಿರಸ್ಕಾರವಾಯಿತು. ಆದೇಶದ ನಕಲಿನಲ್ಲಿ ಸಾಕ್ಷಿ ಕೆಡಿಸುವ ಮಾತಿಗೇ ಒಂದು ಪ್ಯಾರಾ ಇದೆ. ತಮ್ಮನಿಗೆ ಬಿದ್ದ ಹೊಡೆತದ ಬಗ್ಗೆ ಒಂದೇ ಸಾಲು. ಓದಿದಾಗ ಎದೆ ಉರಿಯಿತು. ಜಾಮೀನಿನ ಹಂತದಲ್ಲಿ ಕೋರ್ಟು ನೋಡುವುದು ಮುಂದೆ ಏನು ಮಾಡುತ್ತಾನೆ ಅನ್ನುವುದನ್ನು, ಹಿಂದಿನದಕ್ಕೆ ಶಿಕ್ಷೆ ಕೊಡುವ ಕಾಲ ಬೇರೆ ಅಂತ ಆಮೇಲೆ ತಿಳಿಯಿತು.

ಈಗ ಮೂರನೆಯವನು. ಇದನ್ನು ಬರೆಯಲೇಬೇಕು ಅಂತ ಕೂತಿದ್ದೇ ಅವನಿಗಾಗಿ.

ಅವನು ಪಕ್ಕದ ಊರಿನ ಹುಡುಗ. ತಮ್ಮನಿಗಿಂತ ಕೆಲವು ತಿಂಗಳು ಮುಂಚೆ ಅದೇ ಏಜೆಂಟ್ ಮೂಲಕ ಹೋಗಿದ್ದ. ತಮ್ಮ ಹೊರಡುವ ಮುಂಚೆ ಅವನಿಂದ ಒಂದು ಸಂದೇಶ ಬಂದಿತ್ತು. ‘ಬಾರೋ ದೋಸ್ತ, ಕೆಲಸ ಚಲೋ ಐತಿ, ಊಟ ರೂಮು ಎಲ್ಲಾ ಅವ್ರದ.’ ಅದನ್ನು ನಂಬಿಯೇ ಅವ್ವ ಬಂಗಾರ ಬಿಚ್ಚಿ ಕೊಟ್ಟಿದ್ದು. ಇಬ್ಬರೂ ಒಂದೇ ವಿಮಾನದಲ್ಲಿ ವಾಪಸ್ ಬಂದರು. ತಮ್ಮ ಮನೆಗೆ ಬಂದ. ಆ ಹುಡುಗನನ್ನು ಸ್ವಲ್ಪ ದಿನದಲ್ಲಿ ಬಂಧಿಸಿದರು. ಆರೋಪ, ಏಜೆಂಟ್ ಜೊತೆ ಸೇರಿ ಜನ ಕರೆಸಿದ ಅಂತ.

ನನಗೆ ಅವನ ಮೇಲೆ ಏಜೆಂಟ್‌ಗಿಂತ ಜಾಸ್ತಿ ಸಿಟ್ಟಿತ್ತು. ಏಜೆಂಟ್ ಪರಕೀಯ, ಇವನು ನಮ್ಮವನು. ಒಂದು ಸಂಜೆ ತಮ್ಮನೇ ಬಾಯಿಬಿಟ್ಟ. ‘ಅಕ್ಕಾ, ಆ ಮೆಸೇಜ್ ಮಾಡುವಾಗ ಬಾಜು ಒಬ್ಬಾಂವ ನಿಂತಿರ್ತಾನ. ಕರೆಂಟ್ ಕೋಲು ಕೈಯಾಗ. ಹೊಸದಾಗಿ ಬಂದೋರೆಲ್ಲ ಇಬ್ಬರನ್ನ ಕರೆಸಬೇಕು ಅಂತ ರೂಲು. ನಾನೂ ಮಾಡೀನಿ.’ ಅವನು ಕರೆದಿದ್ದು ತನ್ನ ಕಾಲೇಜಿನ ಗೆಳೆಯನನ್ನು. ಆ ಗೆಳೆಯನ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ, ಅದಕ್ಕೇ ಹೋಗಲಿಲ್ಲ. ಪಾಸ್‌ಪೋರ್ಟ್ ಇದ್ದಿದ್ದರೆ ನಮ್ಮ ಕೇಸಿನಲ್ಲಿ ನಾಲ್ಕನೇ ಆರೋಪಿ ನನ್ನ ತಮ್ಮ ಆಗಿರುತ್ತಿದ್ದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಮ್ಮ ಇದನ್ನು ಮ್ಯಾಜಿಸ್ಟ್ರೇಟ್ ಮುಂದೆ ಹೇಳಿದ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 183ರ ಹೇಳಿಕೆ, ಹಿಂದೆ 164 ಅನ್ನುತ್ತಿದ್ದರಲ್ಲ, ಅದು. ಹೇಳಿದರೆ ತಾನೇ ಸಿಕ್ಕಿಬೀಳಬಹುದು ಅನ್ನುವ ಭಯ ಅವನಿಗಿತ್ತು. ಆ ಭಯ ಸುಳ್ಳಲ್ಲ. ಅಲ್ಲಿ ಕೂತು ಇವರು ಟೈಪ್ ಮಾಡಿದ ಮಾತಿಗೆ ಬೇರೆ ದೇಶದಲ್ಲಿ ಯಾರದ್ದೋ ಜೀವಮಾನದ ಉಳಿತಾಯ ಹೋಗಿದೆ. ಅವರಿಗೂ ಅಕ್ಕ ತಮ್ಮ ಇರುತ್ತಾರೆ. ಬಲವಂತಕ್ಕೆ ಮಾಡಿದ ಕೆಲಸ ಅಪರಾಧ ಅಲ್ಲ ಅಂತ ನ್ಯಾಯ ಸಂಹಿತೆಯ ಕಲಂ 32 ಹೇಳುತ್ತದೆ ನಿಜ. ಆದರೆ ಅದರ ಬಾಗಿಲು ಕಿರಿದು. ಮಾಡದಿದ್ದರೆ ಆ ಕ್ಷಣವೇ ಸಾಯುತ್ತೇನೆ ಅನ್ನುವ ಭಯ ಇರಬೇಕು. ಊಟ ಕೊಡುವುದಿಲ್ಲ, ನಾಳೆ ಹೊಡೆಯುತ್ತಾರೆ, ಬೇರೆ ಗುಂಪಿಗೆ ಮಾರುತ್ತಾರೆ ಅನ್ನುವ ಭಯಕ್ಕೆ ಆ ಕಲಂ ಸಾಲುತ್ತದೋ ಇಲ್ಲವೋ ಅನ್ನುವುದು ಒಂದೊಂದು ಕೇಸಿನಲ್ಲೂ ವಾದ ಆಗುವ ವಿಷಯ. ವಾಪಸ್ ಬಂದ ಹುಡುಗರಿಗೆ ವಕೀಲರ ಜೊತೆ ಮಾತಾಡದೆ ಹೇಳಿಕೆ ಕೊಡಬೇಡಿ ಅಂತ ನಾನು ಹೇಳುವುದು ಇದಕ್ಕೇ. ಸುಳ್ಳು ಹೇಳಲಿಕ್ಕಲ್ಲ. ನಿಜವನ್ನು ಪೂರ್ತಿಯಾಗಿ, ಹೊಡೆತ ಬೆದರಿಕೆ ಸಮೇತ ಹೇಳಲಿಕ್ಕೆ.

ಮೂರನೆಯವನ ಅರ್ಜಿಯ ದಿನ ಬೇರೆ ಎರಡು ಮನೆಯವರು ಬಂದಿದ್ದರು. ನೀವೂ ಗಟ್ಟಿಯಾಗಿ ತಕರಾರು ಹಾಕಿ ಅಂದರು. ‘ನಮ್ಮ ಹುಡುಗನ್ನ ಕರೆದಾಂವ ಅವನ ಅಲ್ಲೇನು?’ ಹೌದು, ಅವನೇ. ಅವರ ಸಂಕಟ ಸಣ್ಣದಲ್ಲ. ಆದರೆ ನಾವು ಹಾಗೆ ಮಾಡಲಿಲ್ಲ. ನಮ್ಮ ವಕೀಲರು ಕೋರ್ಟಿಗೆ ಎರಡೇ ಸಂಗತಿ ತೋರಿಸಿದರು. ಒಂದು, ತನಿಖಾಧಿಕಾರಿ ತರಿಸಿದ ಅವನ ಬ್ಯಾಂಕ್ ಸ್ಟೇಟ್‌ಮೆಂಟ್. ಅದಕ್ಕೆ ಏಜೆಂಟ್ ಕಡೆಯಿಂದ ಒಂದು ರೂಪಾಯಿಯೂ ಬಂದಿಲ್ಲ, ಬದಲಿಗೆ ಹೋಗುವ ಮುಂಚೆ ಅವನೇ ಅದೇ ಭಾವಮೈದುನನ ಖಾತೆಗೆ ದುಡ್ಡು ಹಾಕಿದ್ದಾನೆ. ಎರಡು, ತಮ್ಮನ ಹೇಳಿಕೆಯಲ್ಲಿ ಆ ಸಂದೇಶ ಹೇಗೆ ಮಾಡಿಸುತ್ತಾರೆ ಅನ್ನುವ ಭಾಗ. ಇದನ್ನು ನೋಡಿ ತೀರ್ಮಾನ ಮಾಡಿ, ನಮ್ಮ ಒತ್ತಾಯ ಏನೂ ಇಲ್ಲ ಅಂದರು. ಜಾಮೀನು ಸಿಕ್ಕಿತು. 1 ಲಕ್ಷದ ಬಾಂಡ್, ಇಬ್ಬರು ಜಾಮೀನುದಾರರು.

ಸಿಕ್ಕಿತು, ಆದರೆ ಅವನು ಹೊರಗೆ ಬರಲಿಲ್ಲ. ಅವನ ಚಿಕ್ಕಪ್ಪ ಪಹಣಿ, ಆಧಾರ್ ತಂದು ಒಬ್ಬ ಜಾಮೀನುದಾರ ಆದ. ಎರಡನೆಯವನು ಸಿಗಲಿಲ್ಲ. ಊರಿನಲ್ಲಿ ಯಾರೂ ತಮ್ಮ ಹೊಲದ ಪಹಣಿ ಆ ಹುಡುಗನಿಗಾಗಿ ಕೊಡಲು ಒಪ್ಪಲಿಲ್ಲ. ಅವನ ತಾಯಿ ಕೋರ್ಟಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ನಾವು ದೂರುದಾರರು, ನಾವು ಹೋಗಿ ಜಾಮೀನು ನಿಲ್ಲುವ ಹಾಗಿಲ್ಲ. ಅವರನ್ನು ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದುಕೊಂಡು ಹೋಗಿ ಬಿಟ್ಟೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇಂಥವರಿಗಾಗಿಯೇ ಸೂಚನೆ ಕೊಟ್ಟಿದೆ. ಜಾಮೀನು ಸಿಕ್ಕಿ ಏಳು ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲಿನವರು ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟೇ ಷರತ್ತು ಸಡಿಲ ಮಾಡುವುದನ್ನು ಪರಿಶೀಲಿಸಬಹುದು. ಅವರ ಅರ್ಜಿಯ ಮೇಲೆ ಒಬ್ಬರೇ ಜಾಮೀನುದಾರ ಸಾಕು ಅಂತ ಆಯಿತು. ಅವನು ಹೊರಗೆ ಬಂದ. ಅವನನ್ನು ಹೊರಗೆ ತರಲು ನಾನು ಓಡಾಡಿದೆ ಅಂತ ನಮ್ಮ ಬಂಧುಗಳಲ್ಲೇ ಕೆಲವರು ಇವತ್ತಿಗೂ ಮಾತಾಡುವುದಿಲ್ಲ. ಮಾತಾಡದಿದ್ದರೂ ಪರವಾಗಿಲ್ಲ. ತಮ್ಮನಷ್ಟೇ ಹೊಡೆತ ತಿಂದವನು ಪಹಣಿ ಇಲ್ಲ ಅಂತ ಜೈಲಿನಲ್ಲಿರುವುದು ನನಗೆ ನ್ಯಾಯ ಅನ್ನಿಸಲಿಲ್ಲ.

ಇಷ್ಟರಲ್ಲಿ ಇನ್ನೊಂದು ಆತಂಕ. ಹತ್ತು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಕೇಸಿನಲ್ಲಿ ಆರೋಪಿಯನ್ನು ಬಂಧನಕ್ಕೆ ಒಪ್ಪಿಸಿದ 90 ದಿನದೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕಬೇಕು, ಕಡಿಮೆ ಶಿಕ್ಷೆಯದ್ದಾದರೆ 60 ದಿನ. ತಪ್ಪಿದರೆ ಆರೋಪಿ ಎಷ್ಟೇ ದೊಡ್ಡವನಾದರೂ ಜಾಮೀನು ಅವನ ಹಕ್ಕು. ವಾದವೇ ನಡೆಯುವುದಿಲ್ಲ. ಬರೀ 318(4) ಉಳಿದಿದ್ದರೆ ನಮಗೆ 60 ದಿನವೇ ಇರುತ್ತಿತ್ತು. ಈ ಕೇಸುಗಳಲ್ಲಿ ಅರ್ಧ ಸಾಕ್ಷಿ ಗಡಿಯಾಚೆ ಇರುತ್ತದೆ, ಫೋನುಗಳು ಪ್ರಯೋಗಾಲಯದಲ್ಲಿರುತ್ತವೆ. ನಾನು ತನಿಖಾಧಿಕಾರಿಗೆ ಕಾಟ ಕೊಡುವ ಹಾಗೆ ಕೇಳುತ್ತಿದ್ದೆ. ಅವರೂ ಬೇಸರ ಮಾಡಿಕೊಳ್ಳಲಿಲ್ಲ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನೊಂದವರಿಗೆ ತಿಳಿಸಬೇಕು ಅನ್ನುವುದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 193ರಲ್ಲಿದೆ. ಹಾಗಾಗಿ ಕೇಳುವುದು ನಮ್ಮ ಹಕ್ಕು. ಚಾರ್ಜ್‌ಶೀಟ್ ಗಡುವಿನೊಳಗೆ ಬಿತ್ತು. ಬಾಕಿ ದಾಖಲೆ ಆಮೇಲೆ ಸೇರಿಸುತ್ತೇವೆ ಅಂತ ಬರೆದು ಹಾಕಿದರು.

ಚಾರ್ಜ್‌ಶೀಟ್ ಆದ ಮೇಲೆ ಏಜೆಂಟ್ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದ. ಈ ಸಲ ಅವನಿಗೆ ಜಾಮೀನು ಸಿಗುತ್ತದೆ ಅಂತ ನಮ್ಮ ವಕೀಲರು ಮೊದಲೇ ಹೇಳಿದ್ದರು. ತನಿಖೆ ಮುಗಿದಿದೆ, ಫೋನು ಕಾಗದ ಎಲ್ಲ ಪೊಲೀಸರ ವಶದಲ್ಲಿದೆ, ವಿಚಾರಣೆ ಮುಗಿಯಲು ವರ್ಷಗಳು ಹಿಡಿಯಬಹುದು. ಹಾಗಾಗಿ ನಾವು ಬೇಡ ಅನ್ನುವುದರ ಜೊತೆಗೆ, ಕೊಡುವುದಾದರೆ ಇಂಥ ಷರತ್ತು ಬೇಕು ಅಂತ ಒಂದು ಪಟ್ಟಿಯನ್ನೂ ಕೊಟ್ಟೆವು. ಅವನ ಫೋನಿನ ಲೊಕೇಶನ್ ಸದಾ ಪೊಲೀಸರಿಗೆ ಕಾಣುವ ಹಾಗೆ ಮಾಡಿಸಬೇಕು ಅಂತ ನನ್ನ ಆಸೆ. ಅದನ್ನು ಪಟ್ಟಿಯಿಂದ ತೆಗೆಯಬೇಕಾಯಿತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅಂಥ ಷರತ್ತು ಖಾಸಗಿತನದ ಹಕ್ಕಿಗೆ ಧಕ್ಕೆ, ಹಾಕಬಾರದು ಅಂದಿದೆ. ಉಳಿದವು ಬಂದವು. ಪಾಸ್‌ಪೋರ್ಟ್ ಕೋರ್ಟಿಗೆ ಒಪ್ಪಿಸಬೇಕು. ಅನುಮತಿ ಇಲ್ಲದೆ ಜಿಲ್ಲೆ ಬಿಟ್ಟು ಹೋಗಬಾರದು. ತಿಂಗಳಿಗೆರಡು ಸಲ ಠಾಣೆಗೆ ಹಾಜರಿ. ನಾಲ್ಕೂ ಹುಡುಗರ ಮನೆಯವರ ಜೊತೆ ನೇರವಾಗಲಿ, ಬೇರೆಯವರ ಮೂಲಕವಾಗಲಿ ಮಾತಾಡಬಾರದು. ವಿದೇಶಿ ಕೆಲಸ ಕೊಡಿಸುವ ವ್ಯವಹಾರ ಯಾವ ಹೆಸರಿನಲ್ಲೂ ನಡೆಸಬಾರದು. ಕೊನೆಯದು ನಮ್ಮ ಅವ್ವ ಕೇಳಿ ಬರೆಸಿದ್ದು. ಅದು ಆದೇಶದಲ್ಲಿ ಬಂದಾಗ ಅವಳಿಗೆ ಓದಿ ಹೇಳಿದೆ.

ಅವನು ಹೊರಗೆ ಬಂದ ದಿನ ಊರಿನಲ್ಲಿ ಕೆಲವರು ‘ಕೇಸು ಬಿದ್ದೋಯ್ತಂತ’ ಅಂದರು. ಬಿದ್ದಿಲ್ಲ. ಜಾಮೀನು ಸಿಕ್ಕಿದೆ, ಅಷ್ಟೇ. ಷರತ್ತು ಮುರಿದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 483(3)ರ ಕೆಳಗೆ ರದ್ದು ಮಾಡಿ ಅಂತ ಕೇಳಬಹುದು. ಅದಕ್ಕೇ ಆದೇಶದ ಪ್ರಮಾಣಿತ ನಕಲು ತೆಗೆಸಿ ಇಟ್ಟುಕೊಂಡಿದ್ದೇನೆ. ಒಂದು ಸಲ ಅವನ ಕಡೆಯ ಒಬ್ಬರು ಸಂತೆಯಲ್ಲಿ ತಮ್ಮನನ್ನು ತಡೆದು ರಾಜಿ ಮಾತಾಡಿದರು. ಅವತ್ತೇ ತಾರೀಕು, ಜಾಗ, ಆಡಿದ ಮಾತು ಬರೆದು ಠಾಣೆಗೆ ಕೊಟ್ಟು ಸ್ವೀಕೃತಿ ತೆಗೆದುಕೊಂಡೆ. ಬೆದರಿಕೆ ಜಾಸ್ತಿಯಾದರೆ ಸಾಕ್ಷಿ ಸಂರಕ್ಷಣಾ ಯೋಜನೆ ಇದೆ, 2018ರಿಂದ ಜಾರಿಯಲ್ಲಿದೆ. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಬೇಕು. ನಮಗೆ ಅಲ್ಲಿವರೆಗೆ ಹೋಗುವ ಪ್ರಸಂಗ ಬಂದಿಲ್ಲ.

ಈಗ ಕೇಸು ಸೆಷನ್ಸ್ ಕೋರ್ಟಿನಲ್ಲಿ ದೋಷಾರೋಪ ಹೊರಿಸುವ ಹಂತದಲ್ಲಿದೆ. ತಮ್ಮ ಮೊದಲ ಸಾಕ್ಷಿ. ಮೂರನೇ ಆರೋಪಿಯ ಪರವಾಗಿ, ಅವನನ್ನು ಕೇಸಿನಿಂದಲೇ ಬಿಡಬೇಕು ಅಂತ ಅರ್ಜಿ ಬಿದ್ದಿದೆ. ಅದಕ್ಕೆ ನಮ್ಮ ಉತ್ತರ ಕೇಳಿದ್ದಾರೆ. ವಕೀಲರು ಕರಡು ಕಳಿಸಿದ್ದಾರೆ, ತಮ್ಮ ಓದಿ ಎರಡು ಕಡೆ ತಿದ್ದಿದ್ದಾನೆ. ಮುಂದಿನ ತಾರೀಕಿಗೆ ಅದನ್ನು ಸಲ್ಲಿಸಬೇಕು.